ಅನಂತಪುರದ ಅಂದಾಜುಪಟ್ಟಿ

2023ನೆಯ ಇಸವಿ. ಆಗ ನನಗೆ ಐವತ್ಮೂರು ವರ್ಷ. ಹೊಳಲ್ಕೆರೆಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದ್ದೆ. ಗಂಟಲಿನ ತೊಂದರೆ ಹೆಚ್ಚಾಗಿ, ಇನ್ನು ಮುಂದೆ ಗಟ್ಟಿಯಾಗಿ ಮಾತನಾಡಬಾರದೆಂದು ವೈದ್ಯರು ಹೇಳಿದ ಮೇಲೆ ಸ್ವಯಂನಿವೃತ್ತಿ ಪಡೆದು ನಾಲ್ಕು ವರ್ಷವಾಗಿತ್ತು. ಚಿತ್ರದುರ್ಗದ ಮೆದೇಹಳ್ಳಿ ರಸ್ತೆಯ ಬಾಡಿಗೆ ಮನೆಯಲ್ಲಿ ಕುಳಿತು, ಮುದ್ರಣಾಲಯಗಳವರು ಕಳುಹಿಸುವ ಕರಡುಗಳನ್ನು ತಿದ್ದಿ ಕೊಡುವುದು ನನ್ನ ಕೆಲಸ. ಮಗಳು ದಾವಣಗೆರೆಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ನನ್ನ ಹೆಂಡತಿ ಬ್ಯಾಂಕೊಂದರಲ್ಲಿ ಗುಮಾಸ್ತೆಯಾಗಿದ್ದಳು.

ಏಪ್ರಿಲ್ ಕೊನೆಯ ವಾರದಲ್ಲಿ ಅವಳಿಗೆ ಬಡ್ತಿಯ ಆದೇಶ ಬಂತು. ಅಧಿಕಾರಿಯ ಹುದ್ದೆ, ಸ್ಥಳ ಆಂಧ್ರದ ಅನಂತಪುರ. ಹದಿನೈದು ದಿನಗಳೊಳಗೆ ಒಪ್ಪಿಗೆಯನ್ನೋ ನಿರಾಕರಣೆಯನ್ನೋ ಬರೆದು ಕೊಡಬೇಕು. ಹನ್ನೊಂದು ವರ್ಷಗಳ ಹಿಂದೆಯೂ ಇಂಥದೇ ಒಂದು ಆದೇಶ ಬಂದಿತ್ತು. ಆಗ ನನ್ನ ಶಾಲೆ ಹೊಳಲ್ಕೆರೆಯಲ್ಲಿ, ಮಗಳು ಇನ್ನೂ ಚಿಕ್ಕವಳು. ಅವಳು ಮರುಮಾತಿಲ್ಲದೆ ಬೇಡವೆಂದು ಬರೆದುಕೊಟ್ಟಳು. ಈ ಸಲವೂ ಹಾಗೆ ಬರೆದುಕೊಟ್ಟರೆ ನಿವೃತ್ತಿಯವರೆಗೆ ಅದೇ ಕೌಂಟರು, ಅದೇ ಕುರ್ಚಿ. ಇದು ಇಬ್ಬರಿಗೂ ಗೊತ್ತಿತ್ತು.

"ಏನ್ಮಾಡಾಣ?" ಎಂದು ಅವಳು ಕೇಳಿದಳು.

"ಮೊದಲು ಅಂದಾಜುಪಟ್ಟಿ ಆಗಲಿ," ಎಂದೆ ನಾನು.

ಯಾವ ಕೆಲಸವನ್ನಾದರೂ ಕಾಗದದ ಮೇಲೆ ಒಮ್ಮೆ ಮಾಡಿ ಮುಗಿಸದೆ ಕೈ ಹಾಕುವವನಲ್ಲ ನಾನು. ಪಾಠಯೋಜನೆ ಬರೆಯುತ್ತಿದ್ದ ಕ್ರಮದಲ್ಲಿಯೇ ಹಾಳೆಗೆ ಗೆರೆ ಎಳೆದು, ಎಡಗಡೆ ಬಾಬು, ನಡುವೆ ವಿವರ, ಬಲಗಡೆ ಮೊತ್ತ ಎಂದು ಮೂರು ಅಂಕಣ ಮಾಡಿಕೊಂಡೆ. ಸಾಮಾನು ಸಾಗಿಸುವ ಮೂವರಿಗೆ ಫೋನು ಮಾಡಿದೆ. ಅನಂತಪುರದ ಮನೆಗಳನ್ನು ಮೊಬೈಲಿನ ಚಿತ್ರಗಳಲ್ಲಿ ನೋಡಿ, ಕನ್ನಡ ಬಲ್ಲ ದಲ್ಲಾಳಿಯೊಬ್ಬನಿಂದ ಮುಂಗಡದ ಮೊತ್ತ ಕೇಳಿ ಬರೆದುಕೊಂಡೆ. ಲಾರಿ, ಹಮಾಲಿ, ರಟ್ಟಿನ ಪೆಟ್ಟಿಗೆ, ಮರದ ಬೀರುವನ್ನು ಬಿಚ್ಚಿ ಮತ್ತೆ ಕೂಡಿಸುವ ಬಡಗಿ, ಸ್ಕೂಟರನ್ನು ಆ ರಾಜ್ಯಕ್ಕೆ ವರ್ಗಾಯಿಸುವ ತೆರಿಗೆ, ನಾಲ್ಕು ನೀರಿನ ಡ್ರಮ್ಮು, ಗ್ಯಾಸು, ಪರದೆ, ಮೊಳೆ. ಒಂದನ್ನೂ ಬಿಡಲಿಲ್ಲ. ಕೊನೆಯಲ್ಲಿ, ಅನಿರೀಕ್ಷಿತ ವೆಚ್ಚಕ್ಕೆಂದು ಶೇಕಡಾ ಇಪ್ಪತ್ತನ್ನು ಸೇರಿಸಿದೆ. ಮೊತ್ತ ಒಂದು ಲಕ್ಷದ ಮೂವತ್ತೆಂಟು ಸಾವಿರದ ಮುನ್ನೂರ ಅರವತ್ತು ರೂಪಾಯಿ.

ಎರಡನೆಯ ಹಾಳೆಯೊಂದನ್ನೂ ಬರೆದೆ. ಅವಳೊಬ್ಬಳೇ ಅಲ್ಲಿ ಒಂದು ಕೋಣೆ ಹಿಡಿದು, ರಜೆಗೊಮ್ಮೆ ಬಸ್ಸಿನಲ್ಲಿ ಬಂದು ಹೋಗುವುದಾದರೆ ಆಗುವ ಖರ್ಚು. ಅದು ಮೊದಲನೆಯದರ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆಯಾಯಿತು. ಅಡಿಯಲ್ಲಿ ಕೆಂಪು ಶಾಯಿಯಿಂದ, "ಎರಡನೆಯ ಕ್ರಮವು ಮಿತವ್ಯಯಕರವಾದುದು" ಎಂದು ಬರೆದು ಅವಳ ಕೈಗಿಟ್ಟೆ.

ಅವಳು ಬ್ಯಾಂಕಿನವಳು. ಅಂಕಿಗಳ ಮೇಲೆ ಬೆರಳಾಡಿಸಿ ಒಂದು ನಿಮಿಷದಲ್ಲಿ ಎರಡೂ ಹಾಳೆಗಳನ್ನು ಮುಗಿಸಿದಳು.

"ಕೂಡಿದ್ದು ಸರಿಯಾಗೈತೆ," ಎಂದಳು. "ಒಂದು ರೂಪಾಯಿ ಆಚೀಚೆ ಇಲ್ಲ. ಬೇಡ ಅಂತ ಬರ್ದು ಕೊಡ್ತೀನಿ ಬಿಡ್ರಿ."

"ಬೇಡವೆಂದು ನಾನು ಬರೆದಿಲ್ಲವಲ್ಲ. ನೀನು ಹೋಗಬಹುದೆಂದೇ ಬರೆದಿದ್ದೇನೆ."

"ಹೌದು. ನಾನು ಹೋಗ್ಬೌದು ಅಂತ."

ಅಷ್ಟು ಹೇಳಿ ಹಾಳೆಗಳನ್ನು ಮಡಚಿ, ಫ್ರಿಜ್ಜಿನ ಮೇಲಿಟ್ಟು, ಮೊಸರು ಕಡೆಯಲು ಹೋದಳು. ಆಗ ಉಳಿದಿದ್ದದ್ದು ಏಳು ದಿನ.

ಆ ಭಾನುವಾರ ಅವಳ ತಮ್ಮ ಬಂದ. ಮಾರಿಕಣಿವೆಯ ಕೆಳಗಿನ ಹಳ್ಳಿಯವನು; ಕುರಿ ಸಾಕುವವನು. ಹಿರಿಯೂರಿನ ಸಂತೆಗೆ ಟಗರು ತಂದಾಗಲೆಲ್ಲ ಬಸ್ಸು ಹತ್ತಿ ನಮ್ಮಲ್ಲಿಗೂ ಬಂದು ಹೋಗುವುದು ವಾಡಿಕೆ. ಪ್ರತಿ ವರ್ಷವೂ ಆಂಧ್ರದ ಕಡೆಯ ಶೇಂಗಾ ಹೊಲಗಳು ಖಾಲಿಯಾದಾಗ ಮಂದೆ ಹೊಡೆದುಕೊಂಡು ಮೂರು ತಿಂಗಳು ಆ ಕಡೆಯೇ ಇರುತ್ತಾನೆ. ಹೊಸದುರ್ಗದ ಕಡೆಯ ನಮ್ಮ ಮನೆತನದಲ್ಲಿಯೂ ಅಜ್ಜನವರೆಗೆ ಕುರಿಗಳಿದ್ದವು. ನಮ್ಮ ತಂದೆ ಬೇಸಾಯಕ್ಕೆ ನಿಂತರು, ನಾನು ಪುಸ್ತಕಕ್ಕೆ.

ಅಕ್ಕನ ಮುಖ ನೋಡಿದ ಕೂಡಲೇ ಅವನಿಗೆ ಏನೋ ಆಗಿದೆಯೆಂದು ತಿಳಿಯಿತು. ಅವಳು ಫ್ರಿಜ್ಜಿನ ಕಡೆ ಕೈ ತೋರಿಸಿದಳು.

"ಓದಿ ಹೇಳ್ರಿ ಭಾವ, ಕೇಳ್ತೀನಿ," ಎಂದು ಗೋಡೆಗೊರಗಿ ಕುಳಿತ.

ನಾನು ಮೊದಲನೆಯ ಬಾಬಿನಿಂದ ಓದತೊಡಗಿದೆ. ಬೀರುವಿನ ಹತ್ತಿರ ಬಂದಾಗ ಕೈಯೆತ್ತಿ ತಡೆದ.

"ಅದ್ರಾಗೆ ಏನೈತೆ?"

"ನನ್ನ ಪಾಠಯೋಜನೆಗಳು. ಹಳೆಯ ಉತ್ತರಪತ್ರಿಕೆಗಳು."

"ಅನಂತಪುರದಾಗೆ ಯಾರಿಗೆ ಪಾಠ ಮಾಡ್ತೀರಿ?"

ಅಡುಗೆಮನೆಯಲ್ಲಿ ಅವಳು ನಕ್ಕದ್ದು ಕೇಳಿಸಿತು. ಎರಡು ದಿನಗಳಲ್ಲಿ ಮೊದಲ ನಗು. ನಾನು ಮುಂದಕ್ಕೆ ಓದಿದೆ.

"ನಾಕು ಡ್ರಮ್ಮು ಯಾಕೆ? ಅಲ್ಲಿ ನಲ್ಲಿನಾಗೆ ನೀರು ಬರಲ್ವಾ?"

"ಇಲ್ಲಿ ನಾಲ್ಕೈದು ದಿನಕ್ಕೊಮ್ಮೆ ಬರುತ್ತದೆ. ಅಲ್ಲಿ ಹೇಗೋ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ? ನೀವು ಹೋಗಿ ನೋಡಿಲ್ವಾ?"

"ಫೋನಿನಲ್ಲಿ ವಿಚಾರಿಸಿದ್ದೇನೆ."

"ಫೋನ್ನಾಗೆ ನೀರು ಕುಡ್ಯಾಕೆ ಆಗ್ತತಾ ಭಾವ?" ಅವನು ಅಡುಗೆಮನೆಯ ಕಡೆ ತಿರುಗಿದ. "ಅಕ್ಕಾ, ನಿನ್ನ ಮೇಷ್ಟ್ರು ನೆಲ ನೋಡ್ದೇನೆ ಮಂದೆ ಎಬ್ಬಿಸ್ಯಾರೆ ಕಣೆ!"

"ಎಬ್ಬಿಸಿಲ್ಲಪ್ಪ. ಎಬ್ಬಿಸ್ಬಾರ್ದು ಅಂತ್ಲೇ ಬರ್ದಿರೋದು," ಎಂದಳು ಅವಳು ಒಳಗಿನಿಂದಲೇ.

ನನಗೆ ಸಿಟ್ಟು ಬಂತು. ಪಟ್ಟಿಯಲ್ಲಿ ಒಂದು ಸುಳ್ಳು ಅಂಕಿಯಿದ್ದರೆ ತೋರಿಸಲಿ ಎಂದುಕೊಂಡೆ. ಇರಲಿಲ್ಲ, ನಿಜ. ಆದರೆ ಲಾರಿ ಅಷ್ಟು ದೊಡ್ಡದಾದದ್ದು ಬೀರುವಿನಿಂದ, ಡ್ರಮ್ಮುಗಳಿಂದ, ಯಾರೂ ಮಲಗದ ಎರಡು ಕಬ್ಬಿಣದ ಮಂಚಗಳಿಂದ. ಅವುಗಳನ್ನೆಲ್ಲ ಪಟ್ಟಿಗೆ ಸೇರಿಸಿದವನು ನಾನೇ.

ಭಾವಮೈದುನ ನಗುವುದನ್ನು ನಿಲ್ಲಿಸಿ ತಮ್ಮಲ್ಲಿನ ಕ್ರಮವನ್ನು ಹೇಳಿದ. ಮಂದೆ ಹೊರಡುವ ಮೊದಲು ಒಬ್ಬನನ್ನು ಮುಂದಾಗಿ ಕಳಿಸುತ್ತಾರೆ. ಅವನು ರಾಗಿಹಿಟ್ಟನ್ನು ಮಾತ್ರ ಕಟ್ಟಿಕೊಂಡು ಹೋಗಿ, ಪಾತ್ರೆ, ನೀರು, ಸೌದೆಯನ್ನು ಆ ಊರಿನವರಲ್ಲಿಯೇ ಕೇಳಿ ಪಡೆದು, ಒಂದು ಹೊತ್ತು ಮುದ್ದೆ ಮಾಡಿ ಉಂಡು ಬರಬೇಕು. ನೀರು ಹೇಗಿದೆ, ಕೇಳಿದರೆ ಕೊಡುವ ಜನವೋ ಅಲ್ಲವೋ, ಎರಡೂ ಅದರಲ್ಲಿಯೇ ತಿಳಿಯುತ್ತವೆ.

"ಉಂಡು ಬಂದೋನು ಹೋಗಾಣ ಅಂದ್ರೆ ಹೋಗಾಣ, ಬ್ಯಾಡ ಅಂದ್ರೆ ಬ್ಯಾಡ. ಅವನ ಮಾತಿಗೆ ನಮ್ಮಪ್ಪನೂ ಎದುರಾಡ್ತಿರ್ಲಿಲ್ಲ," ಎಂದ. "ಈ ಸಲ ಉಣ್ಣೋನು ನೀವು. ಮಂಗಳಾರ ಹೋಗಾಣ. ದಾರಿ ತೋರ್ಸಾಕೆ ನಾನು ಬರ್ತೀನಿ."

"ನನಗೆ ಮುದ್ದೆ ಮಾಡಲು ಬರುವುದಿಲ್ಲವಲ್ಲ."

"ಅದೂ ಗೊತ್ತಾಗ್ಲಿ ಬಿಡ್ರಿ," ಎಂದಳು ಹೆಂಡತಿ. ಆದರೂ ಎರಡು ಸೇರು ಹಿಟ್ಟನ್ನು ಜರಡಿ ಹಿಡಿದು ಬಟ್ಟೆಯ ಚೀಲಕ್ಕೆ ಹಾಕಿದಳು.

ಮಂಗಳವಾರ ನಮ್ಮ ಬಸ್ಸು ಚಳ್ಳಕೆರೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಫಲಕಗಳ ಅಕ್ಷರ ಬದಲಾಯಿತು. ನನ್ನ ಪಕ್ಕದಲ್ಲಿ ಕುಳಿತ ಭಾವಮೈದುನ ಹಿಂದಿನ ಸೀಟಿನವರೊಡನೆ ತೆಲುಗಿನಲ್ಲಿ ಕುರಿಯ ರೇಟು ಮಾತನಾಡುತ್ತಿದ್ದ. ಅವನ ತೆಲುಗು ಅರ್ಧ ಕನ್ನಡವೆಂದು ನನಗೂ ತಿಳಿಯುತ್ತಿತ್ತು. ಯಾರೂ ಅವನನ್ನು ತಿದ್ದಲಿಲ್ಲ. ಅವರಿಗೆ ಬೇಕಾಗಿದ್ದದ್ದು ಟಗರಿನ ಬೆಲೆ.

ಅನಂತಪುರದಲ್ಲಿ ನಾನು ಫೋನಿನಲ್ಲಿ ವಿಚಾರಿಸಿದ್ದ ಮನೆ ಮೊದಲನೆಯ ಮಹಡಿಯಲ್ಲಿತ್ತು. ಎರಡು ಕೋಣೆ, ಗಾಳಿ ಬೆಳಕು ಚೆನ್ನಾಗಿದ್ದವು. ಮಾಲೀಕರಾದ ವೃದ್ಧ ಮಹಿಳೆ ಕೆಳಗಡೆ ವಾಸವಾಗಿದ್ದರು. ಬೀಗದ ಕೈ ಕೊಟ್ಟು ಒಳಗೆ ಹೋದರು. ಭಾವಮೈದುನ ಮನೆಯನ್ನು ಒಂದು ಸುತ್ತು ಹಾಕಿ, ಹಿಟ್ಟಿನ ಚೀಲವನ್ನು ನನ್ನ ಕೈಗೆ ಕೊಟ್ಟ.

"ಪಾತ್ರೆ ಕೇಳ್ರಿ ಭಾವ. ನಾನೊಂದು ಟೀ ಕುಡ್ದು ಬರ್ತೀನಿ."

"ನೀನೇ ಕೇಳಪ್ಪ. ನನಗೆ ತೆಲುಗು ಬಾರದು."

"ನಾನು ಕೇಳಿದ್ರೆ ನಾನು ಇಲ್ಲಿ ಇರ್ಬೇಕಾಗ್ತತೆ," ಎಂದು ಮೆಟ್ಟಿಲಿಳಿದು ಹೋಗಿಯೇ ಬಿಟ್ಟ.

ಕೆಳಗಿಳಿದು ಮಾಲೀಕರ ಬಾಗಿಲ ಮುಂದೆ ನಾನು ನಿಂತಿದ್ದ ಹೊತ್ತು ಹೆಚ್ಚೆಂದರೆ ನಾಲ್ಕು ನಿಮಿಷ. ಇಪ್ಪತ್ತೆರಡು ವರ್ಷ ನಾನು ಇತರರ ವಾಕ್ಯಗಳಲ್ಲಿ ತಪ್ಪು ಹುಡುಕಿದವನು. ತರಗತಿಯಲ್ಲಿ ತಪ್ಪು ಮಾತನಾಡಿದವರನ್ನು ನಿಲ್ಲಿಸಿ, ಸರಿಯಾದ ವಾಕ್ಯವನ್ನು ಮೂರು ಸಲ ಹೇಳಿಸಿದವನು. ಹಾಗೆ ಎದ್ದು ನಿಂತವರ ಕಿವಿ ಕೆಂಪಾಗುತ್ತಿದ್ದುದನ್ನು ಕಂಡಿದ್ದೇನೆ. ಅದು ಅವರಿಗೆ ಒಳ್ಳೆಯದೆಂದು ನಂಬಿದ್ದೇನೆ. ಈಗ ನನ್ನ ಕಿವಿಯೇ ಬಿಸಿಯಾಗಿತ್ತು. ನಾನು ಅಂದಾಜುಪಟ್ಟಿಯಲ್ಲಿ ಒಂದು ಬಾಬನ್ನು ಬರೆದಿರಲಿಲ್ಲವೆಂಬುದು ಆ ಬಾಗಿಲ ಮುಂದೆ ಹೊಳೆಯಿತು. ನನ್ನನ್ನು ಚಿತ್ರದುರ್ಗದಲ್ಲಿ ಹಿಡಿದು ನಿಲ್ಲಿಸಿದ್ದದ್ದು ಲಾರಿಯ ಬಾಡಿಗೆಯಲ್ಲ. ಇಲ್ಲಿ, ಈ ವಯಸ್ಸಿನಲ್ಲಿ, ತರಕಾರಿಯವಳ ಮುಂದೆ, ಕಂಡಕ್ಟರನ ಮುಂದೆ, ದಿನವೂ ತಪ್ಪು ಮಾತನಾಡುವವನಾಗಿ ಬದುಕಬೇಕಲ್ಲ ಎಂಬ ಅಂಜಿಕೆ. ಅದನ್ನು ಮರೆಸಲು ಅವಳ ಮುಂದೆ ಒಂದು ಲಕ್ಷದ ಮೂವತ್ತೆಂಟು ಸಾವಿರವನ್ನು ಗೋಡೆಯ ಹಾಗೆ ಕಟ್ಟಿದ್ದೆ.

ಕದ ತಟ್ಟಿದೆ. ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ವಾಕ್ಯ ಬಾಗಿಲು ತೆರೆದ ಕೂಡಲೇ ಚದುರಿಹೋಯಿತು.

"ಅಮ್ಮಾ... ಗಿನ್ನೆ ಕಾವಾಲಿ," ಎಂದೆ, ಪಾತ್ರೆ ಬೇಕೆಂಬ ಅರ್ಥದಲ್ಲಿ. ಮುಂದಿನದು ತೋಚದೆ ಹಿಟ್ಟಿನ ಚೀಲವನ್ನು ಬಿಚ್ಚಿ ತೋರಿಸಿ, "ಮುದ್ದೆ" ಎಂದೆ.

ಆಕೆ ಚೀಲವನ್ನೂ ನನ್ನನ್ನೂ ನೋಡಿದರು. "ಸಂಗಟಿನಾ? ಮೀರಾ?" ಎಂದು ನಕ್ಕರು. ಮುದ್ದೆಯೇ, ಅದೂ ನೀವೇ ಮಾಡುವುದೇ ಎಂದು ಕೇಳುತ್ತಿದ್ದಾರೆಂದು ಅರ್ಥವಾಯಿತು. ತಲೆಯಾಡಿಸಿದೆ. ಪಾತ್ರೆ, ಕೋಲು, ಒಂದು ಸಣ್ಣ ಗ್ಯಾಸ್ ಒಲೆ, ಎಲ್ಲವನ್ನೂ ತಂದು ತಮ್ಮ ಪಡಸಾಲೆಯಲ್ಲಿಯೇ ಇಟ್ಟುಕೊಟ್ಟರು. ನೀರು ಹಿಡಿಯಲು ಹೋದಾಗ ಒಂದು ನಲ್ಲಿಯ ಮೇಲೆ ಕೈಯಿಟ್ಟು ಬೇಡವೆಂದರು; ಅದು ಬೋರಿನದು, ಉಪ್ಪು. ಇನ್ನೊಂದನ್ನು ತೋರಿಸಿ, ಎರಡು ದಿನಕ್ಕೊಮ್ಮೆ ಬರುವ ಸಿಹಿನೀರೆಂದು ಬೆರಳೆಣಿಸಿ ವಿವರಿಸಿದರು. ಫೋನಿನಲ್ಲಿ ಇದನ್ನು ಯಾರೂ ನನಗೆ ಹೇಳಿರಲಿಲ್ಲ.

ಮುದ್ದೆ ಗಂಟು ಗಂಟಾಯಿತು. ಆಕೆ ಸ್ವಲ್ಪ ಹೊತ್ತು ನೋಡಿ, ತಡೆಯಲಾರದೆ ಕೋಲನ್ನು ನನ್ನ ಕೈಯಿಂದ ಕಸಿದುಕೊಂಡು, ಪಾತ್ರೆಯನ್ನು ಒಲೆಯಿಂದ ಇಳಿಸಿ ಕಾಲಿನಿಂದ ಒತ್ತಿ ಹಿಡಿದು ನಾಲ್ಕು ಸಲ ತಿರುವಿ ಮತ್ತೆ ಕೊಟ್ಟರು. ಬೈಯಲಿಲ್ಲ, ಮೂರು ಸಲ ತಿರುವಿಸಲೂ ಇಲ್ಲ. "ಮಾಕೂ ಕೊಂಚಂ ಪೆಟ್ಟಂಡಿ" ಎಂದರು, ತಮಗೂ ಸ್ವಲ್ಪ ಇಡಿ ಎಂದು. ಶೇಂಗಾ ಚಟ್ನಿ ತಂದರು. ಅಷ್ಟರಲ್ಲಿ ಭಾವಮೈದುನನೂ ಬಂದು ತಟ್ಟೆಯ ಮುಂದೆ ಕುಳಿತ.

ಉಣ್ಣುವಾಗ ಆಕೆ ಏನೋ ಕೇಳಿದರು. "ಮೇಡಂ ಒಬ್ರೇ ಇರ್ತಾರಾ ಅಂತಾರೆ," ಎಂದ ಅವನು, ತಲೆಯೆತ್ತದೆ. ಬೇಕೆಂದೇ ಉತ್ತರ ಹೇಳಲಿಲ್ಲ.

ಕೈತುಂಬ ಮುದ್ದೆ ಮೆತ್ತಿತ್ತು. ಎಡಗೈಯ ಎರಡು ಬೆರಳುಗಳನ್ನು ಎತ್ತಿ ತೋರಿಸಿದೆ.

"ಆತು ಬಿಡ್ರಿ ಭಾವ," ಎಂದ ಅವನು. "ಇನ್ನು ಮುಂಗಡ ಕಮ್ಮಿ ಮಾಡ್ಸೋದು ನನ್ನ ಕೆಲ್ಸ." ಅರವತ್ತು ಸಾವಿರವೆಂದು ನನಗೆ ಫೋನಿನಲ್ಲಿ ಹೇಳಿದ್ದ ಮುಂಗಡವನ್ನು ಕಾಲು ಗಂಟೆ ವಾದಿಸಿ ಮೂವತ್ತಕ್ಕೆ ಇಳಿಸಿದ. ಬೀರುವನ್ನು ತನ್ನ ಮನೆಯಲ್ಲಿಡುವುದಾಗಿಯೂ, ಅದರಲ್ಲಿ ಬಿತ್ತನೆಯ ಶೇಂಗಾ ತುಂಬಿಕೊಳ್ಳುವುದಾಗಿಯೂ ಬಸ್ಸಿನಲ್ಲಿ ಹೇಳಿದ.

ಮರುದಿನ ಪಟ್ಟಿಯನ್ನು ಮೊದಲಿನಿಂದ ಬರೆದೆ. ಬೀರು, ಮಂಚ, ಎರಡು ಡ್ರಮ್ಮು ಹೋದವು, ಲಾರಿ ಸಣ್ಣದಾಯಿತು. ಅರವತ್ತೆರಡು ಸಾವಿರದ ನಾನೂರು. ಅವಳು ಓದಿದಳು. ಹಾಳೆಯನ್ನು ತಿರುವಿ ಹಿಂಬದಿಯನ್ನೂ ನೋಡಿದಳು.

"ಎರಡನೇ ಹಾಳೆ?"

"ಹರಿದು ಹಾಕಿದೆ. ನನಗೆ ಖರ್ಚಿನ ಭಯವಿರಲಿಲ್ಲ. ಅಲ್ಲಿ ಬಾಯಿ ಬಿಡಲು ಭಯವಿತ್ತು. ಅದನ್ನು ಹೇಳಲು ನಾಚಿಕೆಯಾಗಿ ಲೆಕ್ಕ ಬರೆದೆ."

ಅವಳು ಹಾಳೆಯನ್ನು ಮೇಜಿನ ಮೇಲಿಟ್ಟಳು. "ಹನ್ನೊಂದು ವರ್ಷದ ಹಿಂದೆ ನಾನು ಯಾವ ಲೆಕ್ಕನೂ ಬರ್ದಿರ್ಲಿಲ್ಲ ನೋಡ್ರಿ," ಎಂದಳು. ಧ್ವನಿಯಲ್ಲಿ ಬಿಸಿಯಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ತಾಗಿತು.

"ನೀರು ಹೆಂಗೈತೆ?" ಎಂದು ಆಮೇಲೆ ಕೇಳಿದಳು.

"ಕುಡಿಯಬಹುದು. ಎರಡು ದಿನಕ್ಕೊಮ್ಮೆ ಬರುತ್ತದೆ."

"ಮುದ್ದೆ?"

"ಗಂಟಾಯಿತು. ಆದರೂ ಉಂಡೆ. ಹೋಗೋಣ."

ಮಾರನೆಯ ಬೆಳಿಗ್ಗೆ ಬ್ಯಾಂಕಿಗೆ ಹೊರಡುವ ಮುನ್ನ ನನ್ನ ಮೇಜಿನ ಮೇಲೆಯೇ ಕಾಗದವನ್ನಿಟ್ಟುಕೊಂಡು ಅವಳು ಒಪ್ಪಿಗೆಯನ್ನು ಬರೆದಳು. ತಿದ್ದಿ ಕೊಡಲೇ ಎಂದು ನಾನು ಕೇಳಲಿಲ್ಲ. ಅವಳು ಸಹಿ ಮಾಡಿ, ಕೆಳಗೆ ತಾರೀಖು ಹಾಕಿದಳು: 11 ಮೇ 2023, ಗುರುವಾರ.