ಹಾಲ್ವರ್ ಅಂಕಲ್ ಬಿಟ್ಟ ಕುರ್ಚಿ

ಏಲಕ್ಕಿ ಹಾಕಿದ ಬನ್ನು ಬೇಯುವ ಘಮ ಎಲ್ಲಿಂದ ಬಂದರೂ ನನಗೆ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ನಮ್ಮ ಹಳೆಯ ಫ್ಲ್ಯಾಟು ನೆನಪಾಗುತ್ತದೆ. ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ಮೇಲಿನ ಮಹಡಿಯಿಂದ ಇಳಿದು ಬರುತ್ತಿದ್ದ ಹಾಲ್ವರ್ ಅಂಕಲ್ ನೆನಪಾಗುತ್ತಾರೆ. ಅವರ ಮಾತು ಬಂದರೆ ಕನ್ನಡ ಸಂಘದ ಹಳಬರು ಇವತ್ತಿಗೂ ಹೇಳುವುದು ಒಂದೇ: "ಆ ನಾರ್ವೆಯವನು ನಿಮ್ಮಪ್ಪನ ತಲೆ ಕೆಡಿಸಿದ ಕಣಮ್ಮ. ಇಲ್ಲದಿದ್ರೆ ಅಧ್ಯಕ್ಷ ಆಗಿರೋರು." ನಾನು ಒಪ್ಪುವುದಿಲ್ಲ. ಅಪ್ಪನ ತಲೆ ಕೆಟ್ಟಿದ್ದು ಅದಕ್ಕೂ ಮೊದಲೇ. ಸಾಕ್ಷಿ ಬೇಕೆಂದರೆ, ಅಪ್ಪ ಮನಸ್ಸು ಬದಲಿಸಿದ ದಿನ ಆ ಮನೆಯಲ್ಲಿ ಇದ್ದವಳು ನಾನು. ಈ ಮಾತು ಹೇಳುವವರು ಯಾರೂ ಅಲ್ಲಿ ಇರಲಿಲ್ಲ.

ಅಮ್ಮ ನರ್ಸಾಗಿದ್ದ ಆಸ್ಪತ್ರೆಯಲ್ಲೇ ಹಾಲ್ವರ್ ಅಂಕಲ್ ಅವರ ಮಗಳು ಡಾಕ್ಟರು. ವಯಸ್ಸಾದ ಮೇಲೆ ಪ್ರತಿ ಚಳಿಗಾಲಕ್ಕೆ ಅವರು ಮಗಳ ಮನೆಗೆ ಬಂದುಬಿಡುತ್ತಿದ್ದರು. ನಾರ್ವೆಯ ಯಾವುದೋ ಮೀನುಗಾರರ ಊರಲ್ಲಿ ತಂದೆಯಿಂದ ಬಂದ ಪತ್ರಿಕೆ ನಡೆಸಿದವರು, ಅದೇ ಊರಿನ ಮೇಯರ್ ಆಗಿದ್ದವರು. ಮೊದಲ ಸಲ ನಮ್ಮ ಮನೆಗೆ ಬಂದಾಗ ಯಾರೂ ಹೇಳದೆಯೇ ಬೂಟು ಬಾಗಿಲಾಚೆ ಬಿಟ್ಟು ಒಳಗೆ ಬಂದರು. ಎಂಥ ಸಂಸ್ಕಾರವಂತರು ಎಂದು ಅಮ್ಮ ಅವತ್ತೇ ತೀರ್ಪು ಕೊಟ್ಟಳು. ಅವರ ಊರಲ್ಲಿ ಹಿಮದ ದೆಸೆಯಿಂದ ಎಲ್ಲರೂ ಹಾಗೇ ಮಾಡುತ್ತಾರೆಂದು ಆಮೇಲೆ ಗೊತ್ತಾಯಿತು. ಅಮ್ಮ ತೀರ್ಪು ಬದಲಿಸಲಿಲ್ಲ.

ಅಪ್ಪ ಒಂದು ಕಂಪನಿಯಲ್ಲಿ ಅಕೌಂಟೆಂಟು. ಉಳಿದ ಹೊತ್ತಿನಲ್ಲಿ ಸಂಘದ ಕಾರ್ಯದರ್ಶಿ, ಅದರ ಮಾಸಪತ್ರಿಕೆಯ ಸಂಪಾದಕ. ಪತ್ರಿಕೆ ಎಂದರೆ ಜೆರಾಕ್ಸ್ ಮಾಡಿಸಿದ ಹಾಳೆಗಳು. ಶುಕ್ರವಾರ ಅವನ್ನು ಹಾಲಿನ ನೆಲದ ಮೇಲೆ ಹರಡಿಕೊಂಡು ನಾವೆಲ್ಲ ಮಡಚುತ್ತಿದ್ದೆವು. ಹಾಲ್ವರ್ ಅಂಕಲ್ ಚಮಚದ ಬೆನ್ನಿನಿಂದ ಒಂದೇ ಸಲ ಎಳೆದರೆ ಮಡಿಕೆ ಇಸ್ತ್ರಿ ಹಾಕಿದಂತೆ ಕೂರುತ್ತಿತ್ತು. ಬೆಚ್ಚಗಿನ ಕಾಗದದ ವಾಸನೆ, ಏಲಕ್ಕಿ, ಚಹಾ, ಕಿಟಕಿಯಲ್ಲಿ ಗೊಣಗುವ ಏಸಿ: ನನ್ನ ಬಾಲ್ಯದ ಶುಕ್ರವಾರ ಎಂದರೆ ಇಷ್ಟು.

ಅಪ್ಪ ಸಂಘದ ಅಧ್ಯಕ್ಷಗಿರಿಗೆ ನಿಲ್ಲುತ್ತೇನೆಂದ ಮೇಲೆ ಇದೆಲ್ಲ ಹಾಳಾಯಿತು. ದಿನಾ ಮನೆ ತುಂಬ ಜನ, ಜೋರು ನಗು, ಯಾರು ಯಾರ ಕಡೆ ಎಂಬ ಲೆಕ್ಕಾಚಾರ. ನೈಟ್ ಡ್ಯೂಟಿ ಮುಗಿಸಿ ಬಂದ ಅಮ್ಮ ಪಕ್ಕದ ಕೋಣೆಯಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಕಣ್ಣು ಬಿಟ್ಟುಕೊಂಡೇ ಮಲಗಿರುತ್ತಿದ್ದಳು. ಒಂದು ಬೆಳಿಗ್ಗೆ ಹೇಳಿಯೇಬಿಟ್ಟಳು: "ಎಲೆಕ್ಷನ್ ಆಗ್ಲಿ, ಬಿಡ್ಲಿ, ಮನೆ ಹೀಗೇ ಇದ್ರೆ ಇವಳನ್ನ ಕರ್ಕೊಂಡು ಮೈಸೂರಿಗೆ ಹೋಗಿಬಿಡ್ತೀನಿ. ನಿದ್ದೆಗಣ್ಣಲ್ಲಿ ಯಾರಿಗೋ ತಪ್ಪು ಇಂಜೆಕ್ಷನ್ ಕೊಟ್ಟು ಜೈಲು ಸೇರೋಕಿಂತ ವಾಸಿ." ಅಪ್ಪ ನಕ್ಕರು. ನನಗೆ ನಗು ಬರಲಿಲ್ಲ. ಹಾಗೆ ಊರಿಗೆ ಹೋದ ಹೆಂಡತಿ ಮಕ್ಕಳು, ವರ್ಷಕ್ಕೊಮ್ಮೆ ಹೋಗಿ ಬರುವ ಗಂಡ, ಇಂಥ ಮನೆಗಳು ನಮ್ಮ ಕಟ್ಟಡದಲ್ಲೇ ಬೇಕಾದಷ್ಟಿದ್ದವು. ನಮ್ಮದೂ ಅವುಗಳಲ್ಲಿ ಒಂದಾಗುತ್ತದೆ ಎಂದುಕೊಂಡೆ.

ಮುಂದಿನ ಶುಕ್ರವಾರ ನಾವು ಹಾಳೆ ಮಡಚುತ್ತಿದ್ದಾಗ ಅಮ್ಮನ ಜೊತೆ ಕೆಲಸ ಮಾಡುವ, ಉಡುಪಿ ಕಡೆಯ ಸ್ಟೆಲ್ಲಾ ಆಂಟಿ ಬಂದರು. ಸಂಘದ ಕಾರ್ಯಕ್ರಮಗಳೆಲ್ಲ ನರ್ಸುಗಳ ಡ್ಯೂಟಿ ಹೊತ್ತಿಗೇ ಇರುತ್ತವೆ, ಕಾರ್ಯದರ್ಶಿ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದು ಅವರು ಪತ್ರಿಕೆಗೆ ಬರೆದುಕೊಟ್ಟಿದ್ದರು. ಹಾಳೆಗಳನ್ನು ತಿರುವಿ ನೋಡಿ ಅಪ್ಪನನ್ನು ಕೇಳಿದರು.

"ಮೂರ್ತಿಯವ್ರೇ, ನಾನು ಬರೆದದ್ದು ಎಲ್ಲಿ ಉಂಟು?"

"ಜಾಗ ಆಗ್ಲಿಲ್ಲ ಸ್ಟೆಲ್ಲಾ, ಮುಂದಿನ ಸಲ ನೋಡೋಣ."

"ಪುಟ ಪುಟದಲ್ಲೂ ನಿಮ್ಮ ಫೋಟೋ ಕೂತುಕೊಂಡಿದೆ ಮಾರಾಯ್ರೇ. ಒಂದನ್ನ ಎಬ್ಬಿಸಿದ್ರೆ ನಂಗೆ ಕೂರ್ಲಿಕ್ಕೆ ಜಾಗ ಆಗ್ತಿರ್ಲಿಲ್ವಾ?"

ಏನಂದರು ಎಂದು ಹಾಲ್ವರ್ ಅಂಕಲ್ ನನ್ನನ್ನು ಕೇಳಿದರು. ನಾನು ಇದ್ದದ್ದು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಚಮಚ ಕೆಳಗಿಟ್ಟರು. ತಾನು ಮೇಯರ್ ಆಗಿದ್ದಾಗ ಬಂದರಿನ ವಿಷಯದಲ್ಲಿ ಮೀನುಗಾರರಿಗೆ ಸಿಟ್ಟು ಬಂದಿತ್ತು, ತನ್ನ ಪತ್ರಿಕೆ ಅದರಲ್ಲಿ ಒಂದಕ್ಷರವನ್ನೂ ಅಚ್ಚು ಹಾಕಲಿಲ್ಲ ಎಂದರು. ಒಬ್ಬ ಮುದುಕ ಪ್ರೆಸ್ಸಿನ ಬಾಗಿಲಿಗೆ ಬಂದು, ಊರಿಗೆ ಇರುವುದೊಂದೇ ಪತ್ರಿಕೆ, ಮೇಯರ್ ಮೇಲಿನ ದೂರನ್ನು ನಾನು ಎಲ್ಲಿ ಬರೆಯಲಿ ಎಂದು ಕೇಳಿದನಂತೆ. ಅದಾದ ಮೇಲೆ ಮೇಯರ್ ಕುರ್ಚಿ ಬಿಟ್ಟೆ, ಪತ್ರಿಕೆ ಉಳಿಸಿಕೊಂಡೆ ಎಂದರು. ಅಷ್ಟೇ. ಮತ್ತೆ ಚಮಚ ಎತ್ತಿಕೊಂಡರು. ಚುನಾವಣೆಗೆ ನಿಲ್ಲಬೇಡಿ ಎಂಬ ಮಾತು ಅವರ ಬಾಯಿಂದ ಬರಲೇ ಇಲ್ಲ. ಇದನ್ನು ಸಂಘದ ಹಳಬರು ಗಮನಿಸಬೇಕು.

ಅಪ್ಪ ತಮ್ಮ ಫೋಟೋ ಇದ್ದ ಒಂದು ಪುಟ ತೆರೆದರು. ಆಮೇಲೆ ಆ ಪುಟವನ್ನು ಕಿತ್ತು, ಸ್ಟೆಲ್ಲಾ ಆಂಟಿ ಬರೆದದ್ದನ್ನು ತಾವೇ ಟೈಪ್ ಮಾಡಿದರು. ಸಂಜೆ ಫೋನಿನಲ್ಲಿ ಯಾರಿಗೋ, "ಖಲಾಸ್ ಕಣಯ್ಯಾ, ನಾನು ನಿಲ್ಲಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ" ಎಂದದ್ದು ಕೇಳಿಸಿತು.

ಅದರ ಮರುವಾರ ಮನೆಯಲ್ಲಿ ಹೊರಗಿನವರು ಯಾರೂ ಇರಲಿಲ್ಲ. ಅಪ್ಪ ತುದಿಗಾಲಲ್ಲಿ ಓಡಾಡುತ್ತಿದ್ದರು. ಮಸೀದಿಯಲ್ಲಿ ಮಧ್ಯಾಹ್ನದ ಬಾಂಗ್ ಆಯಿತು, ಇಳಿಹೊತ್ತಿನದೂ ಆಯಿತು, ಅಮ್ಮ ಏಳಲಿಲ್ಲ. ಬಾಗಿಲ ಸಂದಿಯಲ್ಲಿ ಕಿವಿಯಿಟ್ಟು ಅವಳ ಸಣ್ಣ ಗೊರಕೆ ಕೇಳಿದೆ. ಅಷ್ಟು ನೆಮ್ಮದಿಯ ಸದ್ದನ್ನು ನಾನು ಆಮೇಲೆ ಕೇಳಿಲ್ಲ.

ಈಗ ಆ ಕಟ್ಟಡವಿಲ್ಲ. ಹಾಲ್ವರ್ ಅಂಕಲ್ ಕೂಡ ಇಲ್ಲ. ವರ್ಷಗಳ ಮೇಲೆ ಅವರ ಮಗಳನ್ನು ಅಲ್ ರೀಮ್ ಐಲ್ಯಾಂಡಿನ ಎತ್ತರದ ಫ್ಲ್ಯಾಟಿನಲ್ಲಿ ಕಂಡೆ. ಅದೇ ಬನ್ನು, ಅದೇ ಘಮ. ನಿಮ್ಮ ತಂದೆ ಆ ಕುರ್ಚಿ ಬಿಟ್ಟದ್ದರಿಂದಲೇ ನಮ್ಮ ಮನೆ ಉಳಿಯಿತು ಎಂದೆ. ಅವರು ಬನ್ನು ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ನನ್ನ ಅಪ್ಪನಾ? ಅವರು ಯಾವುದನ್ನೂ ಬಿಟ್ಟವರಲ್ಲ. ಕುರ್ಚಿಯನ್ನು ಜನ ಸೋಲಿಸಿ ಕಿತ್ತುಕೊಂಡರು. ಪತ್ರಿಕೆಯನ್ನು ಕೊಳ್ಳುವುದು ಬಿಟ್ಟರು, ಅದೂ ಮುಚ್ಚಿತು."

ಚರ್ಚಾಸ್ಪರ್ಧೆಯಲ್ಲಾದರೆ ಸಾಕ್ಷಿ ಸುಳ್ಳಾದಾಗ ವಾದವೂ ಬೀಳುತ್ತದೆ. ಆದರೆ ಅಮ್ಮನ ಆ ಮಧ್ಯಾಹ್ನದ ನಿದ್ದೆ ಸುಳ್ಳಲ್ಲವಲ್ಲ. ಹಾಗಾಗಿ ಸಂಘದವರ ಜೊತೆ ನನ್ನ ಜಗಳ ಮುಗಿಯಿತು; ಉಳಿದದ್ದು ನಿಮ್ಮ ಜೊತೆಗೇ, ಹಾಲ್ವರ್ ಅಂಕಲ್. ಆ ಮುದುಕ ನಿಜವಾಗಿ ನಿಮ್ಮ ಬಾಗಿಲಿಗೆ ಬಂದಿದ್ದನೇ? ಬಂದಿದ್ದರೆ, ಅವತ್ತು ಅವನಿಗೆ ಏನು ಹೇಳಿ ಕಳಿಸಿದಿರಿ?