ಹಿಂದಿನ ಬಂಡಿಯ ತೂಕ

ಕಲ್ಲೋಳಿ ಬಾಜೂ ಕಬ್ಬು ತೂಗುವ ಒಂದು ಕಾಟಾಕ್ಕೆ ನಾನು ಹ್ಯಾಸ್ಕೆಲ್‌ ಭಾಷೆಯಲ್ಲಿ ಪ್ರೋಗ್ರಾಂ ಬರೆದಿದ್ದೆ. ತೂಕ ಹಿಡಿಯುವುದು ಮಾತ್ರ ಹಳೆಯ ಸಿ ಭಾಷೆಯ ಕೋಡ್. ಅದು ತೂಕವನ್ನೂ ವೇಳೆಯನ್ನೂ ಮೆಮೊರಿಯ ಒಂದು ಖಾನೆಯಲ್ಲಿ, ಅಂದರೆ ಒಂದು ಸ್ಟ್ರಕ್ಟ್‌ನಲ್ಲಿಟ್ಟು, ಆ ಖಾನೆ ಎಲ್ಲಿದೆ ಎಂಬ ವಿಳಾಸವನ್ನಷ್ಟೇ ನನಗೆ ಕೊಡುತ್ತಿತ್ತು.

ಹ್ಯಾಸ್ಕೆಲ್‌ನಲ್ಲಿ ಒಮ್ಮೆ ಕೈಗೆ ಬಂದ ಸಂಖ್ಯೆ ಬದಲಾಗುವುದಿಲ್ಲ. ಆ ಧೈರ್ಯದಲ್ಲಿ ವಿಳಾಸವನ್ನಷ್ಟೇ ಹಿಡಿದುಕೊಂಡೆ. ಚೀಟಿ ಅಚ್ಚಾಗುವಾಗ ತೂಕ ಓದಿದರಾಯಿತು ಎಂದುಕೊಂಡೆ. ಎಂಥ ಶಾಣ್ಯಾ ನಾನು! ಕಾಟಾದ ಮೇಲೆ ನನ್ನ ಸ್ಕೂಟರ್ ನಿಲ್ಲಿಸಿ ನೋಡಿದಾಗ ಎಲ್ಲ ಸರಿಯಿತ್ತು.

ಆದರೆ ನಮ್ಮ ಕಡೆ ಚೀಟಿ ಬರುವವರೆಗೆ ಯಾರು ಕಾಯುತ್ತಾರೆ? ಒಂದು ಬಂಡಿ ಇಳಿಯುತ್ತಿದ್ದಂತೆ ಹಿಂದಿನದು ಹತ್ತಿಯೇ ಬಿಡುತ್ತದೆ. ಸಿ ಕೋಡ್ ಹಳೆಯದನ್ನು ಅಳಿಸಿ ಹೊಸ ತೂಕವನ್ನೂ ಅದೇ ಸ್ಟ್ರಕ್ಟ್‌ನಲ್ಲಿ ಬರೆಯುತ್ತಿತ್ತು. ಚೀಟಿ ಒಬ್ಬರದು, ತೂಕ ಅವರ ಹಿಂದೆ ಬಂದವರದು.

ಮೊದಲ ದಿನವೇ ಅಂಕಲಗಿಯ ಮುದುಕರೊಬ್ಬರು ಚೀಟಿ ನೋಡುತ್ತ ನಿಂತುಬಿಟ್ಟರು.

"ಕಮ್ಮಿ ಬಂದೈತೇನ್ರಿ ಕಾಕಾ?" ಎಂದೆ.

"ಮಷಿನ್ ಸುಳ್ಳ ಹೇಳತೈತೇನ್ರಿ? ವಯಸ್ಸಾತು, ನಾನ ಕಬ್ಬಿನ ಹೊರಿ ಸಣ್ಣ ಕಟ್ಟಿರಬೇಕ" ಎಂದು ಎತ್ತು ಹೊಡೆದುಕೊಂಡು ಹೋದರು.

ನನ್ನ ತಪ್ಪು ನನಗೆ ತಿಳಿದದ್ದು ಮೂರು ದಿನಗಳ ಮೇಲೆ. ವಿಳಾಸ ಸಿಕ್ಕ ಕೂಡಲೇ ತೂಕವನ್ನು ನಕಲು ಮಾಡಿಕೊಳ್ಳುವ ಒಂದು ಸಾಲು ಸೇರಿಸಿ, ಅವರಿಗೆ ಹೇಳಲು ಅಂಕಲಗಿಗೆ ಹೋದೆ.

ಅವರು ಹೊಲದಲ್ಲಿ ಒಬ್ಬರೇ ಕುಳಿತು, ಕಟ್ಟಿದ್ದ ಹೊರಿಗಳನ್ನು ಬಿಚ್ಚಿ, ಇನ್ನಷ್ಟು ದಪ್ಪ ಕಟ್ಟುತ್ತಿದ್ದರು.