ಎಂಟು ಅಡಿ ದೂರದಿಂದ

ಕಳೆದ ವಾರ ಬ್ಯಾಡಗಿ ಮೆಣಸಿನಕಾಯಿ ಹುರಿಯುತ್ತಿದ್ದೆ. ಉರಿ ಹೆಚ್ಚಾಗಿ ಘಾಟೆದ್ದು ಮನೆಮಂದಿಯೆಲ್ಲ ಕೆಮ್ಮುತ್ತ ಹೊರಗೋಡಿದರು. ನಾನು ಮಾತ್ರ ಅಲ್ಲೇ ನಿಂತು ಕಣ್ಣೊರೆಸಿಕೊಳ್ಳುತ್ತ ಸ್ಟುಡಿಯೋ ಚಾಚಾನನ್ನು ನೆನೆದೆ...

ಎಂಬತ್ತರ ದಶಕದ ಕೊನೆಯಲ್ಲಿ ನಾನು ರಾಣೆಬೆನ್ನೂರಿನಲ್ಲಿ ಕಾಲೇಜು ಓದುತ್ತಿದ್ದೆ. ಸೋದರಮಾವ ಒಂದು ಸಣ್ಣ ಕ್ಯಾಮೆರಾ ಕೊಟ್ಟಿದ್ದೇ ತಡ, ನನಗೆ ಕೊಂಬು ಮೂಡಿತ್ತು. ಸಂತೆಯಲ್ಲಿ ತೆಗೆದ ಮೊದಲ ರೀಲನ್ನು ನಮ್ಮ ಓಣಿಯಲ್ಲಿ ಸ್ಟುಡಿಯೋ ಇಟ್ಟಿದ್ದ ಚಾಚಾನಿಗೆ ತೊಳೆಯಲು ಕೊಟ್ಟೆ. ಪ್ರತಿ ಫೋಟೋದಲ್ಲೂ ಜನ ಬಿಗಿದುಕೊಂಡು ನನ್ನನ್ನೇ ನೋಡುತ್ತಿದ್ದರು.

“ಕ್ಯಾಮೆರಾ ಕಣ್ಣಿಗೆ ಹೋತಂದ್ರ ಮಂದಿ ಶಾಣ್ಯಾ ಆಗ್ತಾರ ಬೇಟಾ. ಎದಿ ಮುಂದ ಹಿಡಿ, ಬ್ಯಾರೆ ಕಡೆ ನೋಡು,” ಎಂದರು ಚಾಚಾ.

ಉಳಿದದ್ದನ್ನೂ ಅವರೇ ಕಲಿಸಿದರು. ಲೆನ್ಸಿನ ಬಳೆಯ ಮೇಲೆ ಒಂದು ತಲೆ, ಇಬ್ಬರು ಮನುಷ್ಯರು, ಒಂದು ಗುಡ್ಡ, ಹೀಗೆ ದೂರದ ಗುರುತುಗಳಿದ್ದವು. ಇಬ್ಬರು ಮನುಷ್ಯರ ಗುರುತಿಗೆ, ಅಂದರೆ ಎಂಟು ಅಡಿಗೆ, ಮೊದಲೇ ತಿರುಗಿಸಿಡಬೇಕು. ಬೆಳಕಿಗೆ ಸೂರ್ಯನ ಗುರುತು. ಆಮೇಲೆ ಬಳೆ ಮುಟ್ಟುವ ಹಾಗಿಲ್ಲ. ದೂರವನ್ನು ಹೆಜ್ಜೆಯಲ್ಲೇ ಸರಿಮಾಡಿಕೊಳ್ಳಬೇಕು. ಮೂರು ತಿಂಗಳು ಬಸ್‌ಸ್ಟ್ಯಾಂಡಿನಲ್ಲಿ ತಲೆಯಿಲ್ಲದ ಮುಂಡಗಳನ್ನೇ ತೆಗೆದೆ. ಚಾಚಾ ಒಮ್ಮೆಯೂ ಬೈಯಲಿಲ್ಲ. ಇಷ್ಟೊಂದು ಅಕ್ಕರೆ ಯಾಕೆಂದು ನಾನೂ ಕೇಳಲಿಲ್ಲ.

ಒಂದು ದಿನ ಅವರೇ ಬಾಯಿಬಿಟ್ಟರು. ಜಗಳವಾಡಿ ಮನೆ ಬಿಟ್ಟಿದ್ದ ಮಗ ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಚೀಲ ಹೊರುತ್ತಿದ್ದ. ಅಪ್ಪ ಅಲ್ಲಿಗೆ ಬಂದರೆ ಆ ಊರನ್ನೂ ಬಿಡುತ್ತೇನೆಂದು ಹೇಳಿಕಳಿಸಿದ್ದ. ಅವನ ಮುಖ ನೋಡಿ ಎರಡು ವರ್ಷವಾಗಿತ್ತು.

“ಅಂವ ಹೋದ ಮ್ಯಾಲೆ ನೀ ಈ ಓಣಿಗೆ ಬಂದಿ, ನಿನ್ನ ಗುರ್ತು ಅವಂಗಿಲ್ಲ. ಒಂದ ಒಂದು ಫೋಟೋ ತಗೊಂಡು ಬಾ. ನಿನ್ನ ಕಾಲಿಗೆ ಬೀಳ್ತೇನಿ,” ಎಂದು ಅವನ ಹಳೆಯ ಚಿತ್ರ ತೋರಿಸಿದರು. ನನ್ನ ಅಪ್ಪನಿಗಿಂತ ಹಿರಿಯರು. ನನಗೆ ಅಳು ಬಂತು.

ಮಾರ್ಕೆಟ್ಟಿನಲ್ಲಿ ಎಲ್ಲರೂ ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದರು. ಮಧ್ಯಾಹ್ನದವರೆಗೆ ಕಾದೆ. ಕೊನೆಗೆ ಅವನು ನೀರು ಕುಡಿಯಲು ಟವೆಲ್ ಬಿಚ್ಚಿದ. ಎಂಟು ಅಡಿಗೆ ಬಂದು, ಬೇರೆ ಕಡೆ ನೋಡುತ್ತ ಒತ್ತಿದೆ. ಘಾಟಿಗೆ ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನನ್ನ ಕಣ್ಣಲ್ಲೂ.

ಫೋಟೋ ಹುಬ್ಬಿನ ಕೂದಲು ಎಣಿಸುವಷ್ಟು ಸ್ಪಷ್ಟವಾಗಿ ಬಂದಿತ್ತು. ಚಾಚಾ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು.

“ಅಳಾಕತ್ತಾನಲ್ಲ ಬೇಟಾ? ನನ್ನ ನೆನಸಿ ಅಳಾಕತ್ತಾನ. ಖರೇ ಹೇಳು.”

ಬ್ಯಾಡಗಿಯ ಘಾಟು ನಮ್ಮ ಕಡೆಯ ಎಳೆಮಗುವಿಗೂ ಗೊತ್ತು. ಅವರಿಗೆ ಗೊತ್ತಿರಲಿಲ್ಲವೇ? ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. “ಹೌದ್ರಿ ಚಾಚಾ, ಅಳಾಕತ್ತಿದ್ದ,” ಎಂದುಬಿಟ್ಟೆ. ಕನಿಕರವಷ್ಟೇ ಅಲ್ಲ, ನನ್ನ ಫೋಟೋದ ಜಂಬವೂ ಆ ಮಾತಿನಲ್ಲಿತ್ತು.

ಮರುದಿನ ಮೊದಲ ಬಸ್ಸಿಗೇ ಅವರು ಬ್ಯಾಡಗಿಗೆ ಹೋದರು. ಅಪ್ಪನನ್ನು ಕಂಡ ಮಗ ಹೊತ್ತ ಚೀಲವನ್ನು ಅಲ್ಲೇ ಒಗೆದು ನಡೆದನಂತೆ. ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಹಾವೇರಿ, ಹುಬ್ಬಳ್ಳಿ... ಚಾಚಾ ಆ ಫೋಟೋ ಹಿಡಿದು ತಿರುಗದ ಊರಿಲ್ಲ. ಸ್ಟುಡಿಯೋ ಮುಚ್ಚಿತು.

ಚಾಚಾ ತೀರಿಕೊಂಡು ಬಹಳ ವರ್ಷಗಳಾದವು. ಮಗ ಮಣ್ಣಿಗೂ ಬರಲಿಲ್ಲ. ಕೊನೆಯ ಸಲ ನೋಡಲು ಹೋದಾಗ ನನ್ನ ಕೈ ಹಿಡಿದು, “ನೀ ಇರದಿದ್ರ ಅಂವ ನನ್ನ ಮರತಾನಂತ ತಿಳ್ಕೊಂಡು ಸಾಯ್ತಿದ್ನಿ ಬೇಟಾ,” ಎಂದಿದ್ದರು. ಆಗಲೂ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಈಗ ಹೇಳೋಣವೆಂದರೆ ಕೇಳುವವರಿಲ್ಲ.